ಪರದೆಯ ಹಿಂದಿನ ಒಡೆಯ

ಗೌಸ, ಪರದೆಯ ಹಿಂದಿದ್ದ ‘ಒಡೆಯ’ ನಾನೇ. ನಿನ್ನನ್ನು ಕಾಲೇಜಿನಿಂದ ಹೊರಗೆ ಹಾಕಿಸಿದ ದನಿ ನನ್ನ ಗಂಟಲಿನದು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ — ತಡಮಾಡಿದರೆ ನಡುವೆ ಯಾರದಾದರೂ ನಕಲು ಮಾಡಿ, ನಗಿಸಿ, ಜಾರಿಕೊಂಡುಬಿಡುತ್ತೇನೆ. ನನ್ನ ಚಾಳಿ ನಿನಗೆ ಗೊತ್ತಲ್ಲ.

ಓದುವವರಿಗೆ ಗೊತ್ತಿರಲಿ: ಗೌಸ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಗರಗಸ ಎಳೆಯುವವರ ಮಗ. ನಾನು ಹಳಿಯಾಳದ ಕಿರಾಣಿ ಅಂಗಡಿಯವರ ಮಗ, ಚನ್ನಬಸು. ಹಳಿಯಾಳದ ಸಾಲೆಯಲ್ಲಿ ಒಂದೇ ಹಲಿಗೆಯ ಮೇಲೆ ಕೂತೆವು. ಧಾರವಾಡದ ಕಾಲೇಜಿನಲ್ಲಿ ಒಂದೇ ಖೋಲಿಯಲ್ಲಿದ್ದೆವು. ಅವನಿಗೆ ವಕೀಲನಾಗಬೇಕಿತ್ತು. ನನಗೋ — ಏನೂ ಆಗಬೇಕಿರಲಿಲ್ಲ, ಎಲ್ಲರೂ ಆಗಬೇಕಿತ್ತು! ಪ್ರಿನ್ಸಿಪಾಲರ ಕೆಮ್ಮು, ಅಡಿಗೆ ಭಟ್ಟರ ಗೊಣಗು, ತಕ್ಕಡಿ ಹಿಡಿದು ನನ್ನಪ್ಪ ಶಿವನ ಆಣೆ ಇಡುವ ರೀತಿ — ಎಲ್ಲವೂ ನನ್ನ ಬಾಯಲ್ಲಿದ್ದವು. ನನ್ನದೊಂದು ದನಿ ಮಾತ್ರ ಎಲ್ಲಿಟ್ಟಿದ್ದೆನೋ.

ಆ ಕಾಲೇಜಿನಲ್ಲಿ ದೊಡ್ಡ ಮನೆತನದ ಹುಡುಗರ ಗುಪ್ತ ಮಂಡಳಿಯೊಂದಿತ್ತು. ಅದರ ಒಡೆಯನನ್ನು ಯಾರೂ ನೋಡುವಂತಿಲ್ಲ. ಹೊಸಬ ಪರದೆಯ ಮುಂದೆ ಮೊಣಕಾಲೂರಿ ತಲೆ ಬಗ್ಗಿಸಬೇಕು, ಅಪ್ಪಣೆ ಕೇಳಬೇಕು, ನಡೆಸಬೇಕು, ಯಾರ ಮುಂದೆಯೂ ಬಾಯಿ ಬಿಡಬಾರದು. ನಡೆಸಿದವನು ಒಳಗೆ. ಒಳಗೆ ಹೋದ ಮೇಲಷ್ಟೇ ಗೊತ್ತಾಗುವುದು — ಒಡೆಯನೇ ಇಲ್ಲ! ಇರುವುದು ಒಂದು ದನಿ. ನನ್ನ ನಕಲು ಕೇಳಿದ ಮೇಲೆ ಆ ಕೆಲಸ ನನಗೇ ಕೊಟ್ಟರು. ಬೆಲ್ಲ ತೂಗುವವನ ಮಗ ಇನಾಮದಾರರ ಮಕ್ಕಳಿಗೆ ಅಪ್ಪಣೆ ಕೊಡುತ್ತಿದ್ದೆ. ಎಂಥ ಅಮಲು!

ಐತವಾರ ಬಂತೆಂದರೆ ಮಂಡಳಿ ಸೇರುತ್ತಿತ್ತು, ನಾನು ಖೋಲಿಯಲ್ಲಿ ಇರುತ್ತಿರಲಿಲ್ಲ. “ನೀ ಎಲ್ಲಿ ಹೋಗತಿ, ಅಲ್ಲಿ ನಾನೂ ಬರ್ತೇನಿ” ಅಂದ ಗೌಸ. ಅವನಿಗೆ ಮಂಡಳಿ ಬೇಕಿರಲಿಲ್ಲ, ಜೊತೆ ಬೇಕಿತ್ತು. ನಾನೇ ಕರೆದುಕೊಂಡು ಹೋದೆ; ಅವನನ್ನು ಬಾಗಿಲಲ್ಲಿ ಬಿಟ್ಟು, ಕಣ್ಣು ತಪ್ಪಿಸಿ ಪರದೆಯ ಹಿಂದೆ ಸೇರಿದೆ.

ವ್ಯಾಯಾಮಶಾಲೆಯ ಸಾಮಾನಿನ ಕೋಣೆ, ಉರಿಬಿಸಿಲಿನ ಮಧ್ಯಾಹ್ನ. ಇನಾಮದಾರರ ಹುಡುಗ ನನ್ನ ಕಿವಿಯಲ್ಲಿ ಉಸುರಿದ್ದನ್ನು ನಾನು ಗುಡುಗಿನ ದನಿಯಲ್ಲಿ ಹೇಳಿದೆ: “ಪ್ರಿನ್ಸಿಪಾಲರ ಕರಿ ಗೌನು ನಿಶಾನಿ ಕಂಬಕ್ಕ ಏರಿಸು.” ಚಳವಳಿಗೆ ಸೇರಿದ ಹುಡುಗರನ್ನು ಊರಲ್ಲಿ ಜೇಲಿಗೆ ಒಯ್ಯುತ್ತಿದ್ದ ವರ್ಷ ಅದು. ಬ್ರಿಟಿಷರ ಬಾವುಟ ಹಾರುತ್ತಿದ್ದ ಆ ಕಂಬವನ್ನು ಮುಟ್ಟಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ — ದನಿ ಎಷ್ಟು ಚಂದ ಬಂತೆಂದು ಹಿಗ್ಗುತ್ತಿದ್ದೆ.

ಗೌಸ ಸ್ವಲ್ಪ ಹೊತ್ತು ನೆಲ ನೋಡಿದ. “ಆಗಲಿ” ಅಂದ.

ಮರುದಿನ ಮುಂಜಾನೆ ಗೌನು ಏರಿಸಿ, ಕಂಬದ ಬುಡದಲ್ಲೇ ಸಿಕ್ಕಿಬಿದ್ದ. “ಯಾರು ಹೇಳಿಕೊಟ್ಟರು?” ಎಂದು ಪ್ರಿನ್ಸಿಪಾಲರು ಕೇಳಿದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಒಮ್ಮೆ ನನ್ನ ಕಡೆ ನೋಡಿದ.

“ಯಾರೂ ಇಲ್ರಿ. ನಾನಽ.”

ಎಲ್ಲರ ದನಿ ಬರುವ ನನಗೆ ಆಗ ಒಂದು ಕೆಮ್ಮೂ ಬರಲಿಲ್ಲ. ಸಂಜೆ ಅವನ ಟ್ರಂಕು ಹೊತ್ತು ಸ್ಟೇಶನ್ನಿಗೆ ಹೋದೆ. ದಾರಿಯಲ್ಲಿ — ಹೇಳಲಿಕ್ಕೂ ನಾಚಿಕೆ — ಪ್ರಿನ್ಸಿಪಾಲರ ನಕಲು ಮಾಡಿ ಅವನನ್ನು ನಗಿಸಿದೆ. ಅವನೂ ನಕ್ಕ. ಆ ನಗುವನ್ನು ಇಷ್ಟು ವರ್ಷ ಹುಡುಕುತ್ತಿದ್ದೇನೆ. ಅಂಗಡಿ ಕಟ್ಟೆಯ ಮೇಲೆ ಜನ ಬಿದ್ದು ಬಿದ್ದು ನಕ್ಕರೂ ಅದು ಸಿಗುವುದಿಲ್ಲ.

ಕಳೆದ ತಿಂಗಳು ಅಂಗಡಿಗೆ ಹಲಿಗೆ ಬೇಕೆಂದು ದಾಂಡೇಲಿಗೆ ಹೋಗಿದ್ದೆ. ಹಲಿಗೆ ಒಂದು ನೆಪ. ಗೌಸ ಗರಗಸದ ಕುಣಿಯೊಳಗಿದ್ದ — ಗರಗಸದ ಮೇಲ್ತುದಿ ಹಿಡಿದು ದಿಮ್ಮಿಯ ಮೇಲೊಬ್ಬ, ಕೆಳತುದಿ ಹಿಡಿದು ಕುಣಿಯ ತಗ್ಗಿನಲ್ಲಿ ಇವನು. ರೆಪ್ಪೆಯ ತುಂಬ ಮರದ ಹುಡಿ. ಮೇಲೆ ಬಂದು ಚಹಾ ಕೊಡಿಸಿದ. ನಾನು ಎಂದಿನಂತೆ ಡಿಪೋ ಸಾಹೇಬರ ನಕಲು ಸುರು ಮಾಡಿದೆ. ನಕ್ಕು, ಚಹಾದ ಬಸಿ ಕೆಳಗಿಟ್ಟು ಕೇಳಿದ:

“ಪಡದೆ ಹಿಂದ ಭಾಳ ಸೆಕಿ ಇತ್ತೇನೋ, ಚನ್ಯಾ?”

ನಕಲು ಅಲ್ಲಿಗೇ ಬಿಟ್ಟೆ. “ನಿನಗ ಹೆಂಗ ಗೊತ್ತಾತು?”

“ಪಡದೆ ಗಿಡ್ಡ ಇತ್ತೋ ಮಾರಾಯಾ. ಕಾಲು ಕಾಣತಿದ್ವು. ನಿನ್ನ ಹರಕ ಚಪ್ಪಲಿ ಉಂಗುಟಕ್ಕ ಕೆಂಪು ದಾರ ಸುತ್ತಿಕೊಟ್ಟಾಂವ ನಾನಽ ಅಲ್ಲೇನು?”

“ಗೊತ್ತಿದ್ದೂ... ಯಾಕ ಏರಿಸಿದಿ?”

“ಹಿಂದ ನೀ ಇದ್ದಿ. ನನಗ ಕೆಡಕ ಆಗಗೊಡೂದಿಲ್ಲ ಅಂತ ತಿಳದೆ.”

ಬೈದು ಹೇಳಲಿಲ್ಲ. ಮಳೆ-ಬಿಸಿಲಿನ ಮಾತು ಹೇಳಿದಂತೆ ಹೇಳಿದ. ಅಷ್ಟರಲ್ಲಿ ದಿಮ್ಮಿಯ ಮೇಲಿನವನು “ಏ ಗೌಸ್ಯಾ!” ಎಂದು ಕೂಗಿದ. ಇವನು ಕುಣಿಗೆ ಇಳಿದ. ಗರಗಸ ಮತ್ತೆ ನಡೆಯಿತು. ತಪ್ಪಾಯಿತು ಅನ್ನಬೇಕೆಂದು ಅಂಚಿನವರೆಗೆ ಹೋದೆ — ಹಲಿಗೆ ಕಟ್ಟಿಸಿಕೊಂಡು ಬಂದೆ.

ಸೋಮವಾರ ಧಾರವಾಡಕ್ಕೆ ಹೋಗುತ್ತೇನೆ. ಪ್ರಿನ್ಸಿಪಾಲರು ಬೇರೆಯವರಂತೆ, ಕೋಣೆ ಅದೇ ಇದೆ. ಈ ಸಲ ಬಾಗಿಲಲ್ಲಿ ನಿಲ್ಲುವುದಿಲ್ಲ. ಅದರಿಂದ ನಿನಗೆ ಏನೂ ಮರಳಿ ಬರಲಿಕ್ಕಿಲ್ಲ, ಗೌಸ. ಆದರೂ ಆ ದನಿ ನನ್ನದೆಂದು ಹೇಳಿ, ಅಲ್ಲಿಂದ ದಾಂಡೇಲಿಗೆ ಬರುತ್ತೇನೆ. ಕುಣಿಯ ಅಂಚಿನಲ್ಲಿ ನಿಲ್ಲುತ್ತೇನೆ. ನೀನು ತಲೆ ಎತ್ತಬೇಕಂತಿಲ್ಲ. ಕೆಳಗಿನಿಂದ ನನ್ನ ಕಾಲು ಕಾಣುತ್ತವೆ.