ಇದೀನಿ, ಹೋಗು

ವ್ಯಾಗನ್ನುಗಳ ನಡುವೆ ಬಗ್ಗುವ ಮೊದಲು ನಾವು ಕೂಗುತ್ತಿದ್ದುದು ಒಂದೇ ಮಾತು: “ಹೋಗ್ತಾ ಇದೀನೀ!” ಹೊರಗೆ ಡ್ರೈವರಿಗೆ ಕೆಂಪು ಬಾವುಟ ತೋರಿಸುತ್ತ ನಿಂತ ಜೊತೆಗಾರ “ಇದೀನಿ, ಹೋಗು” ಅನ್ನಬೇಕು. ಆಮೇಲೆ ಒಳಗೆ ನುಗ್ಗಿ ಬ್ರೇಕಿನ ಗಾಳಿ ಪೈಪು ಜೋಡಿಸಿ ಹೊರಬರುವ ತನಕ ಇಂಜಿನ್ ಒಂದಿಂಚೂ ಅಲುಗುವ ಹಾಗಿಲ್ಲ. ಇದು ನಮ್ಮ ಗೂಡ್ಸ್ ಯಾರ್ಡಿನ ರೂಢಿ. ಆ ಉತ್ತರ ಕೇಳಿಸದೆ ಯಾವನೂ ತಲೆ ಬಗ್ಗಿಸುತ್ತಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಹೊಸತು. ಯಾರ್ಡಿನಲ್ಲಿ ಸಿಮೆಂಟು, ಗೊಬ್ಬರ, ಅಕ್ಕಿ ಇಳಿಯುತ್ತಲೇ ಇರುತ್ತಿತ್ತು. ಗೇಟಿನಾಚೆ ಲಾರಿಗಳ ಸಾಲು. ಅಷ್ಟು ಗಲಾಟೆಯಲ್ಲೂ ನನ್ನ ಜೊತೆಗಾರನ ದನಿ ನನಗೆ ತಪ್ಪದೆ ಕೇಳಿಸುತ್ತಿತ್ತು. ಮಲ್ಲತ್ತಹಳ್ಳಿಯ ಒಕ್ಕಲಿನ ಮನೆಯವನು, ನನಗಿಂತ ಮೂರು ವರ್ಷ ದೊಡ್ಡವನು. ನಾನು ಮದುವೆಯಾಗಲಿಲ್ಲ, ಅದರ ಪುರಾಣ ಈಗ ಬೇಡ. ಒಂಟಿ ಅಂತ ಗೊತ್ತಿದ್ದೇ ಅವನು ದಿನಾ ಎರಡು ಮುದ್ದೆ, ಬಸ್ಸಾರು ತರುತ್ತಿದ್ದ. ಒಂದು ನನಗೆ.

ಒಂದು ದಿನ ಊಟದ ಹೊತ್ತಿಗೆ ಗ್ಯಾಂಗಿನವರು “ಏನ್ ಗುರು, ಅವ್ನ ಮನೆಅಳಿಯನಾ ನೀನು?” ಎಂದು ನನ್ನನ್ನು ಛೇಡಿಸಿದರು. ನನ್ನ ಮೂಗಿನ ತುದಿಯಲ್ಲೇ ಇದ್ದ ಸಿಟ್ಟು ನೆತ್ತಿಗೇರಿತು. ಅವರಿಗೆ ಬೈಯುವುದು ಬಿಟ್ಟು ಅವನ ಕಡೆ ತಿರುಗಿ, “ನಿನ್ ಮನೆ ಭಿಕ್ಷೆ ಯಾವನ್ ಕೇಳ್ದ?” ಅಂದುಬಿಟ್ಟೆ. ಅವನು ತುತ್ತು ಕೆಳಗಿಟ್ಟು ಕ್ಯಾರಿಯರ್ ಮುಚ್ಚಿದ. ಮಾರನೆಯ ದಿನದಿಂದ ಒಂದೇ ಮುದ್ದೆ ಬಂತು. ಮಾತು ನಿಂತಿತು.

ಎರಡು ವರ್ಷ! ಒಂದೇ ಶಿಫ್ಟು, ಒಂದೇ ಹಳಿ, ಮಾತಿಲ್ಲ. ನಾನು ಬಗ್ಗುವಾಗ ಮಾತ್ರ “ಇದೀನಿ” ಅನ್ನುತ್ತಿದ್ದ. “ಹೋಗು” ಅನ್ನುವುದನ್ನೂ ಬಿಟ್ಟಿದ್ದ. ಆ ಒಂದು ಮಾತಿಗಾಗಿ ನಾನು ಕಾಯುತ್ತಿದ್ದೆ. ಬೇರೆಯವರ ಸರದಿಯಲ್ಲೂ ನಾನೇ ನುಗ್ಗುತ್ತಿದ್ದೆ. ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ, ಹಾಳು ಜಂಭ.

ಅವನ ರಿಟೈರ್ಮೆಂಟಿಗೆ ಒಂದು ವಾರವಿತ್ತು. ಅಂದು ಬೆಳಿಗ್ಗೆ ಆಗಲೇ ಪೈಪು ಜೋಡಿಸಿ ಮುಗಿದಿದ್ದ ಎರಡು ವ್ಯಾಗನ್ನುಗಳ ಮುಂದೆ ನಿಂತು ಕೂಗಿದೆ, “ಹೋಗ್ತಾ ಇದೀನೀ!” ಅಲ್ಲಿ ಜೋಡಿಸುವುದು ಏನೂ ಇಲ್ಲ ಅಂತ ಅವನಿಗೂ ಗೊತ್ತು. ಆದರೂ ಬಾವುಟ ಎತ್ತಿ “ಇದೀನಿ” ಅಂದ. ನಾನು ಒಳಗೆ ಸುಮ್ಮನೆ ಕೂತೆ. ಡ್ರೈವರ್ ಬೇಸತ್ತು ಹಾರ್ನ್ ಹೊಡೆದ, ಮತ್ತೆ ಹೊಡೆದ. ಅವನು ಬಾವುಟ ಇಳಿಸಲಿಲ್ಲ.

ಹೊರಗೆ ಬಂದಾಗ ಅವನು ನನ್ನ ಮುಖವನ್ನೇ ನೋಡಿದ.

“ಒಳಗೇನ್ ಮಾಡ್ತಿದ್ದೆ?” ಎರಡು ವರ್ಷಕ್ಕೆ ಮೊದಲ ಮಾತು. ದನಿಯಲ್ಲಿ ಕೋಪವಿರಲಿಲ್ಲ. ನಿನ್ನ ದನಿ ಕೇಳೋಕೆ ಕೂತಿದ್ದೆ ಕಣೋ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಯ್ಯೋ, ನನ್ನ ನಾಲಿಗೆ! “ನಿನಗ್ಯಾಕೆ?” ಅಂದೆ.

ಅವನು ಬಾವುಟ ಸುತ್ತಿಕೊಂಡು ಹೊರಟ. ಬೀಳ್ಕೊಡುಗೆಯ ದಿನ ಡ್ಯೂಟಿ ಇದೆ ಎಂದು ತಪ್ಪಿಸಿಕೊಂಡೆ. ಡ್ಯೂಟಿ ಇರಲಿಲ್ಲ.

ಈಗ ನಾನೂ ರಿಟೈರಾಗಿ ಕಾಮಾಕ್ಷಿಪಾಳ್ಯದ ಒಂದು ರೂಮಿನಲ್ಲಿದ್ದೇನೆ. ಮಲ್ಲತ್ತಹಳ್ಳಿ ಎಷ್ಟು ದೂರ? ಎರಡು ಸಲ ಬಸ್ ಸ್ಟಾಪಿನ ತನಕ ಹೋಗಿ ವಾಪಸ್ ಬಂದಿದ್ದೇನೆ. ಯಾವ ಮುಖ ಹೊತ್ತುಕೊಂಡು ಹೋಗಲಿ?

ಬಚ್ಚಲಿಗೆ ಬಗ್ಗಿಯೇ ನುಗ್ಗಬೇಕು, ಬಾಗಿಲು ಅಷ್ಟು ಗಿಡ್ಡ. ಬಗ್ಗುವ ಮೊದಲೇ ಬಾಯಿ ತಾನಾಗಿ ಕೂಗುತ್ತದೆ: “ಹೋಗ್ತಾ ಇದೀನೀ!” ಪಕ್ಕದ ರೂಮಿನ ಗಾರ್ಮೆಂಟ್ಸ್ ಹುಡುಗಿ ಮೊದಮೊದಲು “ಎಲ್ಲಿಗೆ ಅಂಕಲ್?” ಅನ್ನುತ್ತಿದ್ದಳು. ಈಗ ಅವಳಿಗೂ ಅಭ್ಯಾಸವಾಗಿದೆ, ಕೇಳುವುದಿಲ್ಲ. ನಾನು ಮಾತ್ರ ಟವೆಲ್ ಹಿಡಿದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಒಳಗೆ ಹೋಗುತ್ತೇನೆ.