ಪೆಪ್ಪರ್ ಕೂತುಬಿಟ್ಟ ಇಳಿಜಾರು

೧೯೯೬ರಲ್ಲಿ ನಾನು ಡರ್ಹಮ್‌ನ ಒಂದು ಆಸ್ಪತ್ರೆಯಲ್ಲಿ ಆರ್ಥೋಟಿಸ್ಟ್ ಆಗಿದ್ದೆ. ಅಂದರೆ ಸೋತ ಕೈಕಾಲುಗಳಿಗೆ ಆಸರೆಯಾಗುವ ಬ್ರೇಸ್ ತಯಾರಿಸುವವ. ಹನ್ನೊಂದು ವರ್ಷದ ಸರ್ವಿಸ್. ಎಲ್ಲಿ ಒತ್ತುತ್ತದೆ, ಎಲ್ಲಿ ಉಜ್ಜುತ್ತದೆ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು ಎಂಬ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಪೇಷಂಟ್ ವಾಲ್ಟರ್‌ಗೆ ಅರವತ್ತೆಂಟು ವರ್ಷ. ಬಾಲ್ಯದ ಪೋಲಿಯೊದಿಂದ ಎಡಗಾಲು ಸೋತಿದ್ದರೂ ಪ್ರತಿ ವರ್ಷ ಪಶ್ಚಿಮದ ಬೆಟ್ಟಗಳಿಗೆ ಜಿಂಕೆ ಬೇಟೆಗೆ ಹೋಗುತ್ತಿದ್ದ. ಹೊರೆ ಹೊರುವುದು ಇನ್ನಾಗದು ಎಂದಾಗ ಪೆಪ್ಪರ್ ಎಂಬ ಕಂದು ಲಾಮಾ ಕೊಂಡ; ಹೊರೆ ಹೊರುವ, ಒಂಟೆಯ ಜಾತಿಯ ಪ್ರಾಣಿ.

"ಇವನಿಗೆ ಜೀನು ಸರಿಹೋಗದಿದ್ದರೆ ನನ್ನ ಬೆಟ್ಟ ಮುಗೀತು. ನೀನೇ ಆರಿಸಿಕೊಡು," ಎಂದು ಕ್ಯಾಟಲಾಗ್ ತಂದು ನನ್ನ ಮೇಜಿನ ಮೇಲಿಟ್ಟ.

ಬೇಟೆಯೆಂದರೆ ನನಗಾಗದು. ಆದರೂ ಪ್ರಾಣಿಯ ಬೆನ್ನು ಹುಣ್ಣಾಗದಿರಲಿ ಎಂದು ಒಪ್ಪಿದೆ. ಬಾಗಲಕೋಟೆಯ ನನ್ನ ಹೆಂಡತಿ ಶಾರದಾ, "ಮಂದಿ ಕಾಲು ಮುಗದ್ವು, ಈಗ ಲಾಮಾಕ್ಕ ಬ್ರೇಸ್ ಮಾಡಾಕ ಹೊಂಟ್ರೇನು?" ಎಂದು ನಕ್ಕಳು.

ಲಾಮಾದ ಬೆನ್ನೆಲುಬಿನ ಮೇಲೆ ತೂಕ ಬೀಳಬಾರದು; ಇಬ್ಬದಿಯ ಪಕ್ಕೆಗಳಿಗೆ ಹಂಚಿಹೋಗಬೇಕು. ಮೆತ್ತನೆಯ ಜೀನು ಹಗುರ ಸಾಮಾನಿಗೆ ಸರಿ, ಅರವತ್ತು ಪೌಂಡಿಗೆ ಚೌಕಟ್ಟಿನದೇ ಬೇಕೆಂದು ಅದನ್ನೇ ತರಿಸಿದೆ. ಹಿಂದೊಡೆಗಳನ್ನು ಸುತ್ತಿ ಜೀನಿಗೆ ಕಟ್ಟುವ ಬ್ರೀಚಿಂಗ್ ಪಟ್ಟಿ ಮಾತ್ರ ಬೇಡವೆಂದೆ. ಪಟ್ಟಿ ಕಡಿಮೆಯಾದಷ್ಟೂ ಉಜ್ಜುವುದು ಕಡಿಮೆ ಎಂಬುದು ನನ್ನ ಲೆಕ್ಕ.

ಎಲ್ಲಿ ತಾಗುತ್ತದೆಂದು ತಿಳಿಯಲು ಶಾರದಾಳ ರಂಗೋಲಿ ಪುಡಿಯನ್ನು ಜೀನಿನ ಒಳಮೈಗೆ ಸವರಿ, ವಾಲ್ಟರ್‌ನ ಕೊಟ್ಟಿಗೆಯಲ್ಲಿ ಪೆಪ್ಪರ್‌ನನ್ನು ನಡೆಸಿ, ಜೀನು ತೆಗೆದು ನೋಡಿದೆ. ಬೆನ್ನ ಮೇಲೆ ಎರಡು ಬಿಳಿ ಪಟ್ಟೆ, ನಡುವೆ ಪೂರ್ತಿ ಖಾಲಿ. ಭೇಷ್ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಕ್ಟೋಬರ್‌ನಲ್ಲಿ ಪರೀಕ್ಷೆಗೆಂದು ವಾಲ್ಟರ್, ಪೆಪ್ಪರ್, ನಾನು ಮೂವರೂ ಬೆಟ್ಟ ಹತ್ತಿದೆವು. ಹತ್ತುವಾಗ ಏನೂ ತೊಂದರೆಯಿಲ್ಲ. ಮೊದಲ ಇಳಿಜಾರಿನಲ್ಲಿ ಪೆಪ್ಪರ್ ಮಂಡಿ ಮಡಚಿ ಕೂತುಬಿಟ್ಟ. ವಾಲ್ಟರ್ ಹಗ್ಗ ಎಳೆದ, ನಾನು ಓಟ್ಸ್ ತೋರಿಸಿದೆ, ಊಹೂಂ. ಒದೆಯಲಿಲ್ಲ, ಕಿರುಚಲಿಲ್ಲ. ಮೆಲ್ಲಗೆ ಗುನುಗುತ್ತ ನನ್ನನ್ನೇ ನೋಡುತ್ತಿದ್ದ.

ಜೀನಿನ ಕೆಳಗೆ ಕೈ ಹಾಕಿದೆ. ಹಿಂದಿನಿಂದ ಹಿಡಿಯುವ ಬ್ರೀಚಿಂಗ್ ಇಲ್ಲದೆ ಅದು ನಾಲ್ಕು ಇಂಚು ಮುಂದೆ ಜಾರಿ ಭುಜದ ಮೂಳೆಗೆ ಒತ್ತುತ್ತಿತ್ತು. ಚರ್ಮ ಬೆಚ್ಚಗಾಗಿತ್ತು, ಇನ್ನೂ ಒಡೆದಿರಲಿಲ್ಲ. ನನ್ನ ಪೇಷಂಟುಗಳೆಲ್ಲ ಗಾಯವಾದ ಮೇಲೆ ಬರುತ್ತಿದ್ದರು. ಈ ಮೂಕಪ್ರಾಣಿ ಗಾಯವಾಗುವ ಮೊದಲೇ ಹೇಳುತ್ತಿತ್ತು. ಅದರ ಮುಂದೆ ನಾನು ತೀರಾ ಸಣ್ಣವನಾದೆ.

ಟೂಲ್ ಬ್ಯಾಗಿನಲ್ಲಿ ಬ್ರೇಸಿನ ಪಟ್ಟಿಗಳಿದ್ದವು. ಅವನ್ನೇ ಜೋಡಿಸಿ ಬ್ರೀಚಿಂಗ್ ಮಾಡಿ, ಜೀನನ್ನು ಹಿಂದೆ ಸರಿಸಿ ಬಿಗಿದೆ. ಯಾರೂ ಹೇಳಲಿಲ್ಲ, ಎಳೆಯಲಿಲ್ಲ. ಪೆಪ್ಪರ್ ಅಷ್ಟೂ ಹೊರೆಯೊಂದಿಗೆ ತಾನಾಗಿಯೇ ಎದ್ದು ನಿಂತ.

ವಾಲ್ಟರ್ ಅವನನ್ನೇ ನೋಡಿದ. ಆಮೇಲೆ ಅದೇ ದಾರಿಯಲ್ಲಿ ತಾನೂ ಕೂತು, ಶೂ ಬಿಚ್ಚಿ, ನಾನು ಮಾಡಿಕೊಟ್ಟ ಬ್ರೇಸನ್ನು ತೆಗೆದ. ಪಾದದ ಗಿಣ್ಣಿನ ಮೇಲೆ ಕೆಂಪಗೆ ಹಸಿ ಗಾಯ.

"ಇಳಿಯುವಾಗ ಕೊರೆಯುತ್ತೆ. ಎರಡು ವರ್ಷದಿಂದ ನಿನಗೆ 'ಫೈನ್' ಅಂತ ಹೇಳ್ತಾ ಬಂದೆ. ಅಷ್ಟು ಆಸೆಯಿಂದ ಮಾಡಿಕೊಟ್ಟಿದ್ದೆಯಲ್ಲ," ಎಂದ.

ಎರಡು ವರ್ಷವೂ ಅವನನ್ನು ಕ್ಲಿನಿಕ್ಕಿನ ನುಣುಪು ನೆಲದ ಮೇಲಷ್ಟೇ ನಡೆಸಿ ಕಳಿಸಿದ್ದೆ. ಊರಿಗೆ ಮರಳಿದ ಕೂಡಲೇ ಬ್ರೇಸ್ ಹೊಸದಾಗಿ ಮಾಡಿದೆ. ಗಾಯ ಮಾಗಿದ ಮೇಲೆ, ನವೆಂಬರಿನಲ್ಲಿ, ಅವರಿಬ್ಬರೂ ಬೆಟ್ಟಕ್ಕೆ ಹೋದರು.

ನಿವೃತ್ತನಾಗುವವರೆಗೂ ಪ್ರತಿ ಪೇಷಂಟನ್ನೂ ಪಾರ್ಕಿಂಗ್ ಲಾಟ್‌ನ ಇಳಿಜಾರಿನಲ್ಲಿ ನಡೆಸಿದೆ. ಹೇಗಿದೆ ಎಂದು ಕೇಳುವ ಮೊದಲು ಶೂ ಬಿಚ್ಚಿಸಿ ನೋಡಿದೆ.