ಬಾಗಿಲ ಹಿಂದಿನ ಪಾಸ್‌ವರ್ಡ್

ಶ್ರೀನಿವಾಸಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟವನನ್ನು ಜನ ಹುಡುಕಿಕೊಂಡು ಬರುವುದು ಮದುವೆಯಾದಾಗ ಮತ್ತು ಸತ್ತಾಗ. ಎರಡನೆಯದಕ್ಕೆ ಕ್ಯಾಮೆರಾ ಬೇಕಿಲ್ಲ. ಮನೆಯವರು ಬಂದು, ಇಂಥವರ ಮದುವೆಯಲ್ಲಿ ನಮ್ಮಪ್ಪ ಎಡಗಡೆ ನಿಂತಿದ್ದರು, ಮುಖ ಮಾತ್ರ ತೆಗೆದುಕೊಡಿ ಅನ್ನುತ್ತಾರೆ. ನಾನು ಹುಡುಕಿ, ಪಕ್ಕದವನ ಭುಜ ಅಳಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಫ್ರೇಮ್ ಹಾಕಿಸಿ ಕೊಡುತ್ತೇನೆ. ಹನ್ನೊಂದನೇ ದಿನದ ತಿಥಿಗೆ ಅದಕ್ಕೆ ಹಾರ ಬೀಳುತ್ತದೆ. ನಮ್ಮೂರ ಗೋಡೆಗಳ ಮೇಲೆ ಗಂಭೀರವಾಗಿ ಕೂತಿರುವ ಹಿರಿಯರಲ್ಲಿ ಅರ್ಧ ಜನ ನಿಜಕ್ಕೂ ಯಾರದೋ ಮದುವೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದವರು.

ಒಂದು ದಿನ ಗೌನಿಪಲ್ಲಿ ಕಡೆಯ ಹೆಂಗಸೊಬ್ಬರು ಬಂದರು. ಗಂಡ ತೀರಿಕೊಂಡಿದ್ದರು. ವೋಟರ್ ಕಾರ್ಡಿಗೆ ಬಿಟ್ಟರೆ ಆತ ಕ್ಯಾಮೆರಾ ಮುಂದೆ ನಿಂತಿದ್ದು ಮಗಳ ಮದುವೆಯಲ್ಲಿ, ಅದೊಂದೇ ಸಲ. ತೆಗೆದವನು ನಾನೇ. ಆಲ್ಬಮ್ಮನ್ನು ಗೆದ್ದಲು ತಿಂದಿತ್ತು. ಬಿಸ್ಕತ್ತಿನ ಡಬ್ಬಿಯಿಂದ ಆ ವರ್ಷದ ಹಾರ್ಡ್ ಡಿಸ್ಕ್ ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದೆ. ಅದು ನಾಲ್ಕು ಸಲ ಟಿಕ್ ಅಂದು ಸುಮ್ಮನಾಯಿತು. ಇಲ್ಲಮ್ಮ, ಹೋಗಿಬಿಟ್ಟಿದೆ ಅಂದೆ. ಆಕೆ "ಪರವಾಲೇದು ನಾಯನಾ" ಎಂದು ತೆಲುಗಿನಲ್ಲಿ ನನಗೇ ಸಮಾಧಾನ ಹೇಳಿ, ವೋಟರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿಕೊಂಡು ಹೋದರು. ಅದರಲ್ಲಿ ಮೀಸೆ ಯಾವುದು, ನೆರಳು ಯಾವುದು ಗೊತ್ತಾಗುತ್ತಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು. ಎರಡು ದಿನ ಊಟ ಸೇರಲಿಲ್ಲ.

ಹಾಗಾಗಿ ಮನೆಯಲ್ಲಿ ಒಂದು ಸರ್ವರ್, ಅಂದರೆ ಫೋಟೋಗಳನ್ನೆಲ್ಲ ಕೂಡಿಡುವ ಕಂಪ್ಯೂಟರ್ ಪೆಟ್ಟಿಗೆ, ಇಡುವುದೆಂದು ತೀರ್ಮಾನಿಸಿದೆ. ಅದರಲ್ಲಿ ಎರಡು ಡಿಸ್ಕು; ಒಂದು ಕೈಕೊಟ್ಟರೂ ಇನ್ನೊಂದರಲ್ಲಿ ಎಲ್ಲ ಇರಬೇಕು. ಬೀಗವೂ ಬೇಕು. ಗಂಡಿನ ಕಡೆಯವರಿಗೆ ಕಳಿಸಲೆಂದು ಹೆಣ್ಣುಮಕ್ಕಳು ತೆಗೆಸಿಕೊಂಡ ಫೋಟೋಗಳು ನನ್ನ ಹತ್ತಿರ ರಾಶಿ ಇವೆ. ನಾಳೆ ಯಾರಾದರೂ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರೂ ಪಾಸ್‌ವರ್ಡ್ ಇಲ್ಲದೆ ಒಂದು ಮುಖವೂ ಕಾಣಬಾರದು. ಇದಕ್ಕೆ ಎನ್‌ಕ್ರಿಪ್ಷನ್ ಅನ್ನುತ್ತಾರೆ. ಹೆಂಡತಿಗೆ ಇಷ್ಟೂ ವಿವರಿಸಿದೆ. ಅವಳು, ಉಗ್ರಾಣದ ರಾಗಿ ಡ್ರಮ್ಮಿಗೆ ಒರಗಿಸಿ ಇಡಬೇಡಿ ಅಂದಳು, ಅಷ್ಟೆ. ಮನೆಯಲ್ಲಿ ತಂಪಾದ ಜಾಗ ಆ ಉಗ್ರಾಣವೊಂದೇ.

ಉಳಿದದ್ದು ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ. ಒಂದು ತಿಂಗಳು ಅದರಲ್ಲೇ ಹೋಯಿತು. ಪುಕ್ಕಟೆ ಸಿಗುವ ಲಿನಕ್ಸ್ ಹಾಕುವುದೆಂದಿದ್ದೆ, ಲಿನಕ್ಸ್ ಅಂದರೆ ಒಂದೇ ಅಂದುಕೊಂಡಿದ್ದೆ. ಒಳಗೆ ಹೋಗಿ ನೋಡಿದರೆ ನಮ್ಮೂರ ಮಾವಿನ ಮಂಡಿಯ ಹಾಗೆ ತಳಿಗಳ ಮೇಲೆ ತಳಿ. ಒಂದನ್ನು ಹೊಗಳಿದವನನ್ನು ಇನ್ನೊಂದರವರು ಇಂಟರ್ನೆಟ್ಟಿನಲ್ಲಿ ಹಿಗ್ಗಾಮುಗ್ಗಾ ಬೈಯುತ್ತಿದ್ದರು. ಕೊನೆಗೆ, ಬೈದಾಡುವ ಎರಡೂ ಕಡೆಯವರು ಭದ್ರವೆಂದು ಒಪ್ಪಿದ ಒಂದನ್ನು ಹಾಕಿದೆ. ಅದು ಆಪರೇಟಿಂಗ್ ಸಿಸ್ಟಂ ಸಮೇತ ಎಲ್ಲವನ್ನೂ ಬೀಗದೊಳಗೆ ಇಡುತ್ತಿತ್ತು. ಪ್ರತಿ ಸಲ ಶುರುವಾಗುವಾಗಲೂ ಯಾರಾದರೂ ಎದುರು ನಿಂತು ಪಾಸ್‌ವರ್ಡ್ ಒತ್ತಬೇಕು. ಅಲ್ಲಿಯವರೆಗೆ ಅಲ್ಲಾಡುವುದಿಲ್ಲ. ನನಗೆ ಹೆಮ್ಮೆಯಾಯಿತು.

ಮರುವಾರ ಮುಳಬಾಗಿಲಿನಲ್ಲಿ ಎರಡು ದಿನದ ಮದುವೆಗೆ ಹೋದೆ. ಮನೆಯಲ್ಲಿ ಕರೆಂಟು ಹೋಗಿ ಬಂತು. ಇದು ವಿಶೇಷವೇನಲ್ಲ, ದಿನಾ ಹೋಗಿ ಬರುತ್ತದೆ. ಛತ್ರದಲ್ಲಿ ಕೂತು ಫೋನಿನಿಂದ ಸರ್ವರ್ ನೋಡಿದರೆ ಉತ್ತರವಿಲ್ಲ. ಹೆಂಡತಿಗೆ ಫೋನ್ ಮಾಡಿದೆ.

"ಕಪ್ಪು ಸ್ಕ್ರೀನಲ್ಲಿ ಏನೋ ಕೇಳ್ತಾ ಕೂತಿದೆ ಕಣ್ರೀ. ಏನ್ ಹೇಳ್ಲಿ?"

ನಾನು ಹೇಳಲಿಲ್ಲ. ಪಾಸ್‌ವರ್ಡನ್ನು ಯಾರಿಗೂ, ಮನೆಯವರಿಗೂ ಹೇಳಬಾರದೆಂದು ಓದಿದ್ದೆ. ಸರಿ, ಹಾಗಾದರೆ ಕೂತಿರಲಿ ಎಂದು ಅವಳು ಫೋನಿಟ್ಟಳು. ಅದು ನಾನು ಬರುವವರೆಗೂ ಕೂತಿತ್ತು.

ಬಂದವನೇ ಅದನ್ನು ಕಿತ್ತು ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದೆ. ಇದು ಕರೆಂಟು ಬಂದ ಕೂಡಲೇ ತಾನಾಗಿ ಏಳುತ್ತದೆ. ಫೋಟೋಗಳಿರುವ ಡಿಸ್ಕುಗಳಿಗೆ ಮಾತ್ರ ಬೀಗ. ಮನೆಯ ವೈಫೈಯಲ್ಲಿದ್ದವರು ಮಾತ್ರ ಫೋನಿನಲ್ಲೇ ಪಾಸ್‌ವರ್ಡ್ ಒತ್ತಿ ಅದನ್ನು ತೆಗೆಯಬಹುದು, ಹೊರಗಿನಿಂದ ಆಗದು. ತಿಳಿದವರು ಇದನ್ನು ಸ್ವಲ್ಪ ಸಡಿಲ ಅನ್ನುತ್ತಾರೆ. ನಾನು ಊರಲ್ಲಿಲ್ಲದಾಗ ತೆಗೆಯಲು ಇರುವವಳು ಹೆಂಡತಿ ಒಬ್ಬಳೇ. ಆರು ಪದಗಳ ಪಾಸ್‌ವರ್ಡನ್ನು ಅವಳಿಗೆ ಒಂದೇ ಸಲ, ಮೆಲ್ಲಗೆ ಹೇಳಿದೆ. ತಲೆಯಾಡಿಸಿದಳು.

ನಮ್ಮ ಮನೆಯಲ್ಲಿ ಮುಖ್ಯವಾದದ್ದೆಲ್ಲ ಅಡುಗೆಮನೆ ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಇರುತ್ತದೆ: ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಲೈನ್‌ಮನ್ ನಂಬರು, ಹಸುವಿಗೆ ಇಂಜೆಕ್ಷನ್ ಹಾಕಿಸಿದ ತಾರೀಖು. ನಾಲ್ಕು ದಿನ ಬಿಟ್ಟು ಲೈನ್‌ಮನ್ ನಂಬರ್ ನೋಡಲು ಹೋದರೆ, ಹಸುವಿನ ಕೆಳಗೆ ದುಂಡನೆಯ ಅಕ್ಷರದಲ್ಲಿ ನನ್ನ ಆರೂ ಪದಗಳು. ಯಾರಿಗೂ ಅನುಮಾನ ಉಳಿಯದಿರಲೆಂದು ಮುಂದೆ "ಪೆಟ್ಟಿಗೆ" ಎಂದೂ ಬರೆದಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. ಒಂದು ತಿಂಗಳು ಓದಿದ್ದನ್ನೆಲ್ಲ ಅಲ್ಲೇ ನಿಂತು ಒದರಿದೆ. ಅವಳು ಮುದ್ದೆ ತಿರುವುತ್ತಿದ್ದಳು. ಮುಗಿಸಿ, ಪಾತ್ರೆ ಕೆಳಗಿಳಿಸಿದ ಮೇಲೆ ಮಾತಾಡಿದಳು.

"ನೀವು ಮದುವೆ ಮದುವೆ ಅಂತ ಹೈವೇಲಿ ಗಾಡಿ ಓಡಿಸ್ಕೊಂಡಿರ್ತೀರ. ನಾಳೆ ನಿಮಗೇ ಏನಾದ್ರೂ ಆದ್ರೆ, ನಮ್ಮನೆಯವರ ಫೋಟೋ ಕೊಡಿ ಅಂತ ನಾನು ಯಾರ್ ಅಂಗ್ಡಿಗೆ ಹೋಗ್ಲಿ?"

ಬಾಗಿಲ ಬರಹವನ್ನು ನಾನು ಅಳಿಸಲಿಲ್ಲ. ಸರ್ವರ್ ತೆರೆದು ನನ್ನನ್ನು ಹುಡುಕತೊಡಗಿದೆ. ಇಪ್ಪತ್ತು ವರ್ಷದ ಮದುವೆಗಳಲ್ಲಿ ನಾನು ಎಲ್ಲೂ ಇರಲಿಲ್ಲ. ಒಂದು ಕಡೆ ವೇದಿಕೆಯ ಮೆಟ್ಟಿಲ ಮೇಲೆ ನನ್ನ ನೆರಳಿತ್ತು, ಇನ್ನೊಂದು ಕಡೆ ಕನ್ನಡಿಯಲ್ಲಿ ಮೊಣಕೈ. ನಮ್ಮದೇ ಮದುವೆಯ ಫೋಟೋ ಇದೆ, ಆದರೆ ಅದರಲ್ಲಿ ಬಾಸಿಂಗ ಅರ್ಧ ಮುಖ ಮುಚ್ಚಿದೆ. ಉಳಿದರ್ಧ ನನ್ನದೆಂದು ಈಗ ಯಾರೂ ನಂಬುವುದಿಲ್ಲ.

ಇಲ್ಲ ಕಣೇ ಎಂದು ಬಂದು ಹೇಳಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗಿಂದ ನನ್ನ ಕ್ಯಾಮೆರಾ ತಂದಳು. ಹಿತ್ತಲಿನ ಬೆಳಕಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂರಿಸಿದಳು. ಯಾವ ಗುಂಡಿ ಒತ್ತಬೇಕೆಂದು ನಾನೇ ಹೇಳಿಕೊಟ್ಟು, ಗೋಡೆಯ ಮೇಲಿನ ಹಿರಿಯರಂತೆ ಮುಖ ಬಿಗಿದುಕೊಂಡೆ. ಅವಳು ಕ್ಯಾಮೆರಾ ಕೆಳಗಿಳಿಸಿದಳು.

"ಸ್ವಲ್ಪ ನಗಿ. ಇದನ್ನ ದಿನಾ ನೋಡ್ಬೇಕಾಗಿರೋಳು ನಾನು."

ನನಗೆ ಅಳು ಬಂತು. ಅವಳು ಅದನ್ನೇ ಕ್ಲಿಕ್ ಮಾಡಿದಳು.